ಡ್ಯಾಮಿನ ಬುಡದಲ್ಲಿ ಥರ್ಮಾಕೋಲ್ ಡ್ಯಾಂ

ಈಗಿನ ಶಾಲೆಗಳ ಕ್ಯಾಲೆಂಡರ್ ತೆಗೆದು ನೋಡಿ, ಹಬ್ಬಗಳಿಗಿಂತ 'ಡೇ'ಗಳೇ ಜಾಸ್ತಿ. ಯೆಲ್ಲೋ ಡೇ, ಮ್ಯಾಂಗೋ ಡೇ, ಫಾರ್ಮರ್ಸ್ ಡೇ, ಅರ್ಥ್ ಡೇ, ವಾಟರ್ ಡೇ. ಆವತ್ತು ಬ್ಯಾಗ್ ಇಲ್ಲ, ಡಿಕ್ಟೇಶನ್ ಇಲ್ಲ. ಒಂದು ವಿಷಯ ಹಿಡ್ಕೊಂಡು ಇಡೀ ದಿನ ಕೈಯಾರೆ ಏನಾದರೂ ಮಾಡಿ ಕಲಿಯೋದು. ಸರ್ಕಾರಿ ಶಾಲೆಗಳೂ ಹಿಂದೆ ಬಿದ್ದಿಲ್ಲ. ಅಲ್ಲಿ ಕಲಿಕಾ ಹಬ್ಬ, ಮಕ್ಕಳ ಸಂತೆ, ಸಂಭ್ರಮ ಶನಿವಾರಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗ್ ಕೆಳಗಿಟ್ಟು ಊರಿನ ಬಡಗಿ, ಕುಂಬಾರ, ತೋಟದವರ ಹತ್ತಿರ ಕೆಲಸ ಕಲೀಲಿ ಅನ್ನುತ್ತೆ. ಅಂದರೆ 'ಮಾಡಿ ಕಲಿ' ಅನ್ನೋದಕ್ಕೆ ಈಗ ಯಾರೂ ವಿರೋಧಿಗಳಿಲ್ಲ. ಎಲ್ಲರೂ ಒಪ್ಪಿಕೊಂಡ ಮಾತನ್ನ ಒಂದ್ಸಲ ತಿರುಗಿಸಿ ನೋಡೋದು ಒಳ್ಳೇದು ಅಂತ ಈ ಬರಹ.

ಇಂಥ ದಿನಗಳಿಗೆ ಮಾರ್ಕ್ಸ್ ಕೊಡೋಕೆ ನಾನು ಇಟ್ಟುಕೊಂಡಿರೋ ಅಳತೆ ಒಂದೇ. ಬೆಳಗ್ಗೆ ಆ ಶಾಲೆಯಲ್ಲಿ ಯಾರಿಗೂ ಗೊತ್ತಿರದ ಒಂದು ಸಂಗತಿ ಸಂಜೆ ಗಂಟೆ ಹೊಡೆಯೋ ಹೊತ್ತಿಗೆ ಗೊತ್ತಾಯ್ತಾ? ಯಾರಿಗೂ ಅಂದರೆ ಮೇಷ್ಟ್ರಿಗೂ ಸೇರಿಸಿ. ಗೊತ್ತಾಗಿದ್ದರೆ ಅದು ಕಲಿಕೆ. ಇಲ್ಲದಿದ್ದರೆ ಅದು ಅಲಂಕಾರ, ಗಣಪತಿ ಪೆಂಡಾಲ್ ಇದ್ದ ಹಾಗೆ. ಪೆಂಡಾಲ್ ಬೇಡ ಅಂತಲ್ಲ. ಅದನ್ನ ಪಾಠ ಅಂತ ಕರೀಬಾರದು, ಅಷ್ಟೇ.

ಈ ಅಳತೆಯನ್ನ ನಮ್ಮೂರಿನ ಮೇಲೇ ಇಟ್ಟು ನೋಡೋಣ. ನಮ್ಮೂರು ಟಿ.ಬಿ. ಡ್ಯಾಂ. ಹೊಸಪೇಟೆಯಿಂದ ನಾಲ್ಕೈದು ಕಿಲೋಮೀಟರ್. ಊರಿಗೆ ಬೇರೆ ಹೆಸರೇ ಇಲ್ಲ, ಅಣೆಕಟ್ಟಿನ ಹೆಸರೇ ಊರಿನ ಹೆಸರು. ಬಸ್‌ ಕಂಡಕ್ಟರ್ 'ಡ್ಯಾಮ್ ಡ್ಯಾಮ್' ಅಂತ ಕೂಗ್ತಾನೆ, ನಾವು ಇಳೀತೀವಿ. 1945ರ ಫೆಬ್ರುವರಿ 28ರಂದು ಅಡಿಗಲ್ಲು ಬಿದ್ದಾಗ ಹೊಳೆಯ ಒಂದು ದಂಡೆ ಮದ್ರಾಸ್ ಪ್ರಾಂತ್ಯ, ಇನ್ನೊಂದು ದಂಡೆ ನಿಜಾಮರ ಹೈದರಾಬಾದ್. ಕಟ್ಟಿ ಮುಗಿದು ನೀರು ನಿಲ್ಲಿಸೋ ಹೊತ್ತಿಗೆ, 1953ರಲ್ಲಿ, ಆ ಎರಡೂ ಆಡಳಿತ ಇರಲಿಲ್ಲ. ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ, ಅಂದರೆ ಸುಣ್ಣ ಮತ್ತು ಇಟ್ಟಿಗೆ ಪುಡಿ ಕಲಸಿದ ಗಾರೆಯಲ್ಲಿ, ಕಟ್ಟಿದ ಅಣೆಕಟ್ಟು. 33 ಗೇಟು. ಇಂಥ ಊರಿನಲ್ಲಿ 'ನೀರು' ಅನ್ನೋ ವಿಷಯಕ್ಕೆ ಒಂದು ದಿನ ಕೊಟ್ಟರೆ ಏನೇನೆಲ್ಲ ಮಾಡಬಹುದು ಅಂತ ಯಾರಿಗಾದರೂ ಆಸೆ ಆಗುತ್ತೆ.

ಆಗಿದ್ದು ಬೇರೆ. 2025ರ ಮಾರ್ಚ್ 22, ವಿಶ್ವ ಜಲ ದಿನ. ನಮ್ಮ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ವಾಟರ್ ಡೇ. ಅಕ್ಕನ ಮಗಳು ಅಲ್ಲೇ ನಾಲ್ಕನೇ ಕ್ಲಾಸು. ವಾರದ ಮೊದಲೇ ಪೇರೆಂಟ್ಸ್ ಗ್ರೂಪಿಗೆ ಸರ್ಕ್ಯುಲರ್ ಬಂತು: ನೀಲಿ ಡ್ರೆಸ್, ತಲೆಗೆ ಹನಿ ಆಕಾರದ ಕಿರೀಟ, ಕೈಯಲ್ಲಿ 'ಸೇವ್ ವಾಟರ್' ಪ್ಲೆಕಾರ್ಡ್, ಜೊತೆಗೆ ಒಂದು 'ವರ್ಕಿಂಗ್ ಮಾಡೆಲ್'. ಅಕ್ಕ ಬ್ಯಾಂಕಿನಲ್ಲಿ ಕೆಲಸ ಮಾಡ್ತಾಳೆ, ಮನೆಗೆ ಬರೋದೇ ಏಳು ಗಂಟೆಗೆ. ಹೊಸಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ರೆಡಿ ಥರ್ಮಾಕೋಲ್ ಡ್ಯಾಂ ಸಿಕ್ಕಿತು. ಏಳು ಗೇಟು, ನೀಲಿ ಸೆಲೋಫೇನ್ ನೀರು, ಎರಡು ಪ್ಲಾಸ್ಟಿಕ್ ತೆಂಗಿನ ಮರ. ಆ ಮಾಡೆಲ್ ಹೊತ್ತ ಆಟೋ ಶಾಲೆಗೆ ಹೋಗೋ ದಾರಿಯಲ್ಲಿ ನಿಜವಾದ ಡ್ಯಾಂ ಎಡಗಡೆ ಕಾಣ್ತಾ ಇತ್ತು.

ಶಾಲೆಯಲ್ಲಿ ಮಕ್ಕಳು ಸಾಲಾಗಿ ನಿಂತು ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ಒಪ್ಪಿಸಿದರು. ಮಿಸ್ ಬಾಟಲಿಯಲ್ಲಿ ಮರಳು, ಇದ್ದಿಲು ಹಾಕಿ ನೀರು ಸೋಸಿ ತೋರಿಸಿದರು. ಮಕ್ಕಳು ಹನಿ ಆಕಾರದ ಪೇಪರಿಗೆ ಬಣ್ಣ ತುಂಬಿದರು. ಸಂಜೆ ಗ್ರೂಪಿನಲ್ಲಿ ಎಂಬತ್ತು ಫೋಟೋ, ನೂರಿಪ್ಪತ್ತು ಹಾರ್ಟು. ಬೆಂಗಳೂರಿನಿಂದ ಫೋನ್ ಮಾಡಿ 'ಏನ್ ಕಲ್ತಿ ಇವತ್ತು' ಅಂತ ಕೇಳಿದೆ. 'ನಲ್ಲಿ ಬಂದ್ ಮಾಡ್ಬೇಕು' ಅಂದಳು. ಅದು ಅವಳಿಗೆ ಎರಡನೇ ವಯಸ್ಸಿನಲ್ಲೇ ಗೊತ್ತಿತ್ತು, ಅವರ ಅಜ್ಜಿ ಬೈದು ಕಲಿಸಿದ್ದು. ಆಮೇಲೆ ಒಂದು ನಿಮಿಷ ಬಿಟ್ಟು ಕೇಳಿದಳು: 'ಮಾಮ, ನೀರು ಉಳ್ಸಿ ಉಳ್ಸಿ ಅಂತಾರಲ್ಲ, ಉಳಿಸಿದ್ ನೀರು ಯಾರಿಗೆ ಹೋಗ್ತೈತಿ?'

ಇಡೀ ವಾಟರ್ ಡೇಯಲ್ಲಿ ಹುಟ್ಟಿದ ಒಂದೇ ಒಂದು ನಿಜವಾದ ಪ್ರಶ್ನೆ ಅದು. ಅದಕ್ಕೆ ಆ ದಿನದ ಟೈಮ್‌ಟೇಬಲ್‌ನಲ್ಲಿ ಜಾಗ ಇರಲಿಲ್ಲ.

ಯಾಕೆ ಇರಲಿಲ್ಲ ಅಂತ ನೋಡಿದರೆ ಕೇಡು ಎಲ್ಲಿದೆ ಅಂತ ಗೊತ್ತಾಗುತ್ತೆ. ಆ ವಾಟರ್ ಡೇಗೆ ಬರೀ ಏಳು ತಿಂಗಳ ಹಿಂದೆ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಗಿತ್ತು. ಡ್ಯಾಂ ತುಂಬಿ ನಿಂತಿದ್ದ ಹೊತ್ತು. ಒತ್ತಡ ಇಳಿಸೋಕೆ ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ಜೊತೆಗಿದ್ದ ಕಾರ್ಮಿಕರು ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ಅದನ್ನ ಮುಚ್ಚಿದರು. ಅಷ್ಟರಲ್ಲಿ 30 ಟಿಎಂಸಿಗೂ ಹೆಚ್ಚು ನೀರು ಹೊಳೆಗೆ ಹೋಗಿತ್ತು. ಆ ವಾರ ನಮ್ಮೂರಿನ ಮಕ್ಕಳು ಮನೆಯಲ್ಲಿ ಕೇಳಿದ್ದೆಲ್ಲ ನೀರಿನ ಮಾತೇ: ಡ್ಯಾಂ ನಿಲ್ಲುತ್ತಾ, ಎರಡನೇ ಬೆಳೆಗೆ ನೀರು ಸಿಗುತ್ತಾ, ಕಂಪ್ಲಿ ಸೇತುವೆ ಮುಳುಗಿತಾ, ಹಂಪಿಯ ಪುರಂದರ ಮಂಟಪದ ಮೇಲೆ ನೀರು ಬಂತಾ. ಈ ಭಾಗದ ಜನ ಎಷ್ಟು ನೀರು ಬಿಟ್ಟಿದ್ದಾರೆ ಅನ್ನೋದನ್ನ ಕ್ಯುಸೆಕ್‌ನಲ್ಲಿ ಹೇಳೋದು ಆಮೇಲೆ, ಮೊದಲು ಹೇಳೋದು ಈ ಮಂಟಪ, ಈ ಸೇತುವೆಯ ಲೆಕ್ಕದಲ್ಲಿ.

ಇಷ್ಟೆಲ್ಲ ಕಣ್ಣೆದುರು ನಡೆದ ಊರಿನಲ್ಲಿ ವಾಟರ್ ಡೇ ಬಂದಾಗ ಮಗುವಿಗೆ ಹೇಳಿದ್ದು ನಲ್ಲಿ ಬಂದ್ ಮಾಡು ಅಂತ. ಸ್ವಲ್ಪ ಲೆಕ್ಕ ಹಾಕೋಣ, ಏಳನೇ ಕ್ಲಾಸಿನ ಗುಣಾಕಾರ ಸಾಕು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. 30 ಟಿಎಂಸಿ ಅಂದರೆ ಸುಮಾರು 85,000 ಕೋಟಿ ಲೀಟರ್. ಒಂದು ಕೋಟಿ ಮಕ್ಕಳು ದಿನಕ್ಕೆ ಹತ್ತು ಲೀಟರ್ ಉಳಿಸಿದರೂ, ಒಂದು ಚೈನ್ ಹರಿದು ಒಂದು ವಾರದಲ್ಲಿ ಹೋದಷ್ಟು ನೀರು ಉಳಿಸೋಕೆ 23 ವರ್ಷ ಬೇಕು. ನಲ್ಲಿ ಬಂದ್ ಮಾಡಬಾರದು ಅಂತ ನಾನು ಹೇಳ್ತಾ ಇಲ್ಲ. ಆದರೆ ನೀರಿನ ಕಥೆಯಲ್ಲಿ ಹೊಣೆಗಾರ ಯಾರು ಅಂದಾಗ ಒಂಬತ್ತು ವರ್ಷದ ಹುಡುಗಿಯ ಕೈಗೆ ಪ್ಲೆಕಾರ್ಡ್ ಕೊಟ್ಟು ನಿಲ್ಲಿಸೋದು, ಚೈನ್ ಯಾಕೆ ಹರೀತು ಅನ್ನೋ ಮಾತೇ ಎತ್ತದಿರೋದು, ಇದು ಸುಳ್ಳು ಹೇಳಿಕೊಟ್ಟ ಹಾಗೇ. ಒಂದೂ ಸುಳ್ಳು ವಾಕ್ಯ ಇಲ್ಲದೆ ಹೇಳಿದ ಸುಳ್ಳು.

ಥೀಮ್ ಡೇಗಳ ಮುಖ್ಯ ತೊಂದರೆ ಇದೇ ಅಂತ ನನಗನ್ನಿಸುತ್ತೆ. ಅಲ್ಲಿ ಕೊನೆಗೆ ಏನು ಬರಬೇಕು ಅನ್ನೋದು ಮೊದಲೇ ನಿರ್ಧಾರ ಆಗಿರುತ್ತೆ. ಹನಿ ನೀಲಿಯಾಗೇ ಇರಬೇಕು, ಬಾಟಲಿಯ ನೀರು ತಿಳಿಯಾಗೇ ಬರಬೇಕು, ಘೋಷಣೆ ಎಲ್ಲರೂ ಒಪ್ಪೋ ಹಾಗೇ ಇರಬೇಕು. ಕೈಗೆ ಕೆಲಸ ಇದೆ, ಆದರೆ ಕೈ ತಪ್ಪು ಮಾಡೋ ಹಾಗಿಲ್ಲ, ಬೇರೆ ಉತ್ತರ ತರೋ ಹಾಗಿಲ್ಲ. ಬಾಯಿಪಾಠವನ್ನೇ ಕೈಯಲ್ಲಿ ಮಾಡಿಸಿದರೆ ಅದು ಚಟುವಟಿಕೆ ಆಗೋದಿಲ್ಲ, ಕೈಪಾಠ ಆಗುತ್ತೆ.

ಸರ್ಕಾರಿ ಶಾಲೆಗಳ ಕಡೆ ಬರೋಣ. ಅಲ್ಲಿ ಕಥೆ ಸ್ವಲ್ಪ ಬೇರೆ ಇತ್ತು, ಮತ್ತು ಅದನ್ನ ನಗರದಲ್ಲಿರೋ ನಾವು ಸರಿಯಾಗಿ ಗಮನಿಸಲೇ ಇಲ್ಲ. ಕೋವಿಡ್‌ನಿಂದ ಕಲಿಕೆ ಹಿಂದೆ ಬಿತ್ತು ಅಂತ 2022-23ನೇ ಸಾಲನ್ನ ರಾಜ್ಯ ಸರ್ಕಾರ 'ಕಲಿಕಾ ಚೇತರಿಕೆ'ಯ ವರ್ಷ ಅಂತ ಮಾಡಿತು. ಅದರ ಭಾಗವಾಗಿ ಕ್ಲಸ್ಟರ್ ಮಟ್ಟದಲ್ಲಿ ಎರಡು ದಿನದ ಕಲಿಕಾ ಹಬ್ಬ ನಡೀತು. ಭಾರತ ಜ್ಞಾನ ವಿಜ್ಞಾನ ಸಮಿತಿಯಂಥವರು ವರ್ಷಗಟ್ಟಲೆ ಊರೂರಲ್ಲಿ ಮಾಡಿಕೊಂಡು ಬಂದ ಮಕ್ಕಳ ಹಬ್ಬದ ಗುಣ ಅದರಲ್ಲಿತ್ತು. ನಾಲ್ಕು ಮೂಲೆಗಳು: ಹಾಡು-ಆಡು, ಕಾಗದ-ಕತ್ತರಿ, ಮಾಡು-ಆಡು, ಊರು ತಿಳಿಯೋಣ. ಬಹುಮಾನ ಇಲ್ಲ, ಮೊದಲು ಬಂದವರು ಕೊನೆಗೆ ಬಂದವರು ಅಂತಿಲ್ಲ. ಖರ್ಚು ಅಂದರೆ ಬಣ್ಣದ ಕಾಗದ, ಗೋಂದು, ಕತ್ತರಿ.

ಅದರಲ್ಲೂ ಎಲ್ಲ ಚೆನ್ನಾಗಿತ್ತು ಅಂತ ಹೇಳೋಕಾಗಲ್ಲ. ಎತ್ತಿನ ಗಾಡಿ ಮೆರವಣಿಗೆ, ಕುಂಭ, ಡೊಳ್ಳು, ವೇದಿಕೆ ಮೇಲೆ ಸಾಲು ಸಾಲು ಗಣ್ಯರು. ಮೊದಲ ದಿನದ ಅರ್ಧ ಹೊತ್ತು ಸ್ವಾಗತ ಭಾಷಣಕ್ಕೇ ಹೋಗಿದ್ದನ್ನ ನಾನೇ ನೋಡಿದ್ದೇನೆ. ಆದರೆ 'ಊರು ತಿಳಿಯೋಣ' ಅನ್ನೋ ಮೂಲೆ ಇದೆಯಲ್ಲ, ಅದು ಮಾತ್ರ ನಮ್ಮ ಶಾಲಾ ವ್ಯವಸ್ಥೆ ಇತ್ತೀಚೆಗೆ ಯೋಚಿಸಿದ ಅತ್ಯಂತ ಒಳ್ಳೆಯ ಚಟುವಟಿಕೆ. ಮಕ್ಕಳು ಗುಂಪಾಗಿ ಊರೊಳಗೆ ಹೋಗಿ, ಹಿರಿಯರನ್ನ ಮಾತಾಡಿಸಿ, ಬಾವಿ, ಗುಡಿ, ಕುಲುಮೆ, ಕೆರೆ ನೋಡಿ ಬಂದು ನಕ್ಷೆ ಬರೆಯೋದು. ಹೊಳೆದಂಡೆಯ ಒಂದು ಹಳ್ಳಿಯಲ್ಲಿ ಮಕ್ಕಳು ಹರಿಗೋಲು ಹೆಣೆಯೋ ಅಜ್ಜನ ಮುಂದೆ ಕೂತಿದ್ದರು. ಈಗ ಬಿದಿರಿನ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳೀತೀವಿ, ಹಿಂದೆ ಚರ್ಮ ಹೊದಿಸ್ತಿದ್ವಿ ಅಂತ ಅಜ್ಜ ಹೇಳ್ತಾ ಇದ್ದರು. 'ಚರ್ಮ ನೀರಾಗ ಕೊಳೀತಿದ್ದಿಲ್ಲೇನಜ್ಜ?' ಅಂತ ಒಬ್ಬ ಹುಡುಗ ಕೇಳಿದ. ಜೊತೆಗಿದ್ದ ಮೇಷ್ಟ್ರು ತಮ್ಮ ನೋಟ್‌ಬುಕ್ ತೆಗೆದು ಅಜ್ಜನ ಉತ್ತರ ಬರ್ಕೊಳ್ಳೋಕೆ ಶುರು ಮಾಡಿದರು. ನನ್ನ ಅಳತೆಯಲ್ಲಿ ಆ ಅರ್ಧ ಗಂಟೆಗೆ ನೂರಕ್ಕೆ ನೂರು.

ಆಮೇಲೆ ಏನಾಯ್ತು? 2024-25ನೇ ಸಾಲಿನಲ್ಲಿ ಕಲಿಕಾ ಹಬ್ಬ ಮತ್ತೆ ಬಂತು, ಈ ಸಲ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನದ ಹೆಸರಲ್ಲಿ, ಚಿಕ್ಕ ತರಗತಿಗಳಿಗೆ. ಗಟ್ಟಿ ಓದು, ಕಥೆ ಹೇಳುವುದು, ಕೈಬರಹ, ಸಂತೋಷದಾಯಕ ಗಣಿತ, ರಸಪ್ರಶ್ನೆ. ಮಕ್ಕಳು ಸರಾಗವಾಗಿ ಓದಬೇಕು, ಲೆಕ್ಕ ಬರಬೇಕು ಅನ್ನೋ ಕಾಳಜಿ ನೂರಕ್ಕೆ ನೂರು ಸರಿ. ಆದರೆ ಹಬ್ಬ ಅನ್ನೋ ಹೆಸರು ಉಳೀತು, ಒಳಗಿನ ಹೂರಣ ಸ್ಪರ್ಧೆ ಆಯ್ತು. ಗಟ್ಟಿಯಾಗಿ ಓದೋಕೆ ಬರೋ ಮಗು ಗೆಲ್ಲುತ್ತೆ, ಬರದಿರೋ ಮಗು ಚಪ್ಪಾಳೆ ಹೊಡೆಯುತ್ತೆ. ಯಾವ ಮಗುವಿಗೋಸ್ಕರ ಹಬ್ಬವೋ ಅದೇ ಮಗು ಪ್ರೇಕ್ಷಕರ ಸಾಲಿನಲ್ಲಿ. ಊರು ತಿಳಿಯೋ ಮೂಲೆ ಈ ಪಟ್ಟಿಯಲ್ಲಿ ಇಲ್ಲ. ಅಜ್ಜನ ಹತ್ತಿರ ಕೂತು ಕೇಳಿದ ಪ್ರಶ್ನೆಗೆ ಪ್ರಥಮ, ದ್ವಿತೀಯ ಕೊಡೋದು ಹೇಗೆ ಹೇಳಿ?

ಇದಕ್ಕೆ ಹೋಲಿಸಿದರೆ ಮಕ್ಕಳ ಸಂತೆ ಎಷ್ಟೋ ವಾಸಿ. ಮೆಟ್ರಿಕ್ ಮೇಳ ಅಂತಲೂ ಕರೀತಾರೆ. ಮನೆಯ ಹಿತ್ತಲಿನ ಸೊಪ್ಪು, ನಿಂಬೆಹಣ್ಣು, ಅವ್ವ ಮಾಡಿಕೊಟ್ಟ ಮಂಡಕ್ಕಿ ಒಗ್ಗರಣೆ ತಂದು ಶಾಲೆಯ ಅಂಗಳದಲ್ಲಿ ಮಕ್ಕಳು ಮಾರ್ತಾರೆ. ಇಲ್ಲೂ ಫೋಟೋ ಇದೆ, ಗಣ್ಯರು ಒಂದು ಕಟ್ಟು ಕೊತ್ತಂಬರಿಗೆ ನೂರು ರೂಪಾಯಿ ಕೊಡೋ ನಾಟಕ ಇದೆ. ಆದರೂ ಗಣ್ಯರು ಹೊರಟ ಮೇಲೆ ಅಲ್ಲಿ ಕಲಿಕೆ ನಡೆಯುತ್ತೆ. ಯಾಕಂದ್ರೆ ಹನ್ನೆರಡು ಗಂಟೆ ಬಿಸಿಲಿಗೆ ಸೊಪ್ಪು ಬಾಡುತ್ತೆ. ಬೆಲೆ ಇಳಿಸ್ಬೇಕಾ, ಕಾಯ್ಬೇಕಾ, ಪಕ್ಕದವಳು ಇಳಿಸಿದ್ಲಲ್ಲ ಏನ್ ಮಾಡೋದು, ಇದಕ್ಕೆ ಯಾವ ಗೈಡ್‌ನಲ್ಲೂ ಉತ್ತರ ಇಲ್ಲ. ಬಾಡೋ ಸೊಪ್ಪು ಥರ್ಮಾಕೋಲ್‌ಗಿಂತ ಒಳ್ಳೇ ಮೇಷ್ಟ್ರು.

ಇದನ್ನ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದವರೂ ಇದ್ದಾರೆ. ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ 1972ರಿಂದ ಮೂವತ್ತು ವರ್ಷ ಸರ್ಕಾರಿ ಶಾಲೆಯ ಮಕ್ಕಳು ವಿಜ್ಞಾನವನ್ನ ಪ್ರಯೋಗದಿಂದಲೇ ಕಲಿತರು, ಪರೀಕ್ಷೆಯಲ್ಲೂ ಪುಸ್ತಕ ತೆರೆದು ನೋಡಬಹುದಿತ್ತು. ಸೈಕಲ್ ವಾಲ್ವ್ ಟ್ಯೂಬಿನ ತುಂಡು, ಬೆಂಕಿಕಡ್ಡಿ ಸೇರಿಸಿ ರೇಖಾಗಣಿತದ ಆಕಾರ ಕಟ್ಟೋ ಅರವಿಂದ್ ಗುಪ್ತಾ ಅವರ ಆಟಿಕೆ ಅಲ್ಲಿಂದಲೇ ಬಂದಿದ್ದು. 2002ರಲ್ಲಿ ಸರ್ಕಾರ ಅದನ್ನ ನಿಲ್ಲಿಸಿತು. ಅದರ ವಿಶೇಷ ಕಿಟ್‌ನಲ್ಲಿ ಇರಲಿಲ್ಲ. ಅದಕ್ಕೆ ಒಂದು ಬೇರೆ 'ಡೇ' ಇರಲಿಲ್ಲ, ದಿನಾ ಅದೇ ಪಾಠ. ವರ್ಷದ ಇನ್ನೂರು ದಿನ ಬಾಯಿಪಾಠ ಮಾಡಿಸಿ ಒಂದು ದಿನ 'ಮಾಡಿ ಕಲಿ' ಅಂದರೆ ಮಕ್ಕಳಿಗೆ ಸಂದೇಶ ಚೆನ್ನಾಗೇ ತಲುಪುತ್ತೆ: ಕೈಯಲ್ಲಿ ಮಾಡೋದು ಮಜಾ, ನಿಜವಾದ ಓದು ಬೇರೆ.

ಟೀಕೆ ಮಾಡೋದು ಸುಲಭ, ನೀನಾಗಿದ್ರೆ ಏನ್ ಮಾಡ್ತಿದ್ದೆ ಅಂತ ಕೇಳಬಹುದು. ಸರಿ, ಟಿ.ಬಿ. ಡ್ಯಾಮಿನ ಒಂದು ಶಾಲೆಗೆ ಒಂದು ದಿನ. ಡ್ಯಾಮಿನ ಮೇಲೆ ಹೋಗೋದೂ ಬೇಡ, ಅಲ್ಲಿಗೆ ಎಲ್ಲರನ್ನೂ ಬಿಡೋದೂ ಇಲ್ಲ.

ಬೆಳಗ್ಗೆ ಮೈದಾನದಲ್ಲಿ ಹಗ್ಗ ಹಿಡಿದು ಸುಣ್ಣದ ಪುಡಿಯಲ್ಲಿ ಒಂದು ಗೇಟ್ ಬರೆಯೋದು. 60 ಅಡಿ ಅಗಲ, 20 ಅಡಿ ಎತ್ತರ, ಅಂದರೆ 1,200 ಚದರ ಅಡಿ. ಬೆಂಗಳೂರಿನಲ್ಲಿರೋ ನಮಗೆ ಬೇಗ ಅರ್ಥ ಆಗೋ ಲೆಕ್ಕ: ಒಂದು ಗೇಟು ಅಂದರೆ ಒಂದು 30x40 ಸೈಟು ಎದ್ದು ನಿಂತ ಹಾಗೆ. ಅದರೊಳಗೆ ಎಷ್ಟು ಮಕ್ಕಳು ಮಲಗಬಹುದು ಅಂತ ಮಲಗಿಯೇ ನೋಡಲಿ. ಅಂಥವು 33. ಅಗಲ ಅಷ್ಟನ್ನೂ ಸಾಲಾಗಿ ಅಳೀತಾ ಹೋದರೆ ಮೈದಾನ ಸಾಲದೆ ರಸ್ತೆಗೆ ಬರ್ತಾರೆ. ದೊಡ್ಡದು ಅನ್ನೋ ಪದದ ಅರ್ಥ ಕಾಲಿಗೆ ಗೊತ್ತಾಗುತ್ತೆ.

ಆಮೇಲೆ ಹೂಳು. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಸ್ತಿದ್ದ ಜಲಾಶಯ ಈಗ ಹಿಡಿಸೋದು ಸುಮಾರು 105. ಉಳಿದ 28 ಟಿಎಂಸಿ ಜಾಗದಲ್ಲಿ ಮಣ್ಣು ಕೂತಿದೆ. ಒಂದು ಬಾಟಲಿ ಕೆಂಪು ಮಣ್ಣಿನ ನೀರು ಕಿಟಕಿಯಲ್ಲಿ ಇಟ್ಟು, ಮಧ್ಯಾಹ್ನಕ್ಕೆ ಎಷ್ಟು ಕೂತಿತು, ಸಂಜೆಗೆ ಎಷ್ಟು, ಮಾರನೇ ದಿನಕ್ಕೆ ಎಷ್ಟು ಅಂತ ಸ್ಕೇಲ್ ಹಿಡಿದು ಬರೀಲಿ. ಹತ್ತು ಬಾಟಲಿಯಲ್ಲಿ ಹತ್ತು ಅಳತೆ ಬರುತ್ತೆ. ಯಾವುದು ಸರಿ ಅಂತ ಜಗಳ ಆಗುತ್ತೆ. ಆ ಜಗಳಕ್ಕೇ ವಿಜ್ಞಾನ ಅಂತ ಹೆಸರು.

ಊಟ ಆದಮೇಲೆ ಊರು ತಿಳಿಯೋಣ. ನಮ್ಮ ಡ್ಯಾಮಿನಲ್ಲೇ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಅಂತ ಕಾರ್ಖಾನೆ ಇತ್ತು. ದೇಶದ ಎಷ್ಟೋ ಅಣೆಕಟ್ಟುಗಳಿಗೆ ಗೇಟು ಮಾಡಿಕೊಟ್ಟ ಕಾರ್ಖಾನೆ. 2015ರ ಕೊನೆಗೆ ಅದನ್ನ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅಲ್ಲಿ ದುಡಿದ ಫಿಟ್ಟರ್, ವೆಲ್ಡರ್‌ಗಳು ಈಗ ಇದೇ ಮಕ್ಕಳ ತಾತಂದಿರು. ಅವರಲ್ಲೊಬ್ಬರು ಚಹಾದಂಗಡಿ ಮುಂದೆ ನನಗೆ ಹೇಳಿದ್ದು: 'ಗೇಟ್ ಗೇಟ್ ಅಂತ ಎಲ್ರೂ ಅಂತಾರಪ, ಹರಿದಿದ್ದು ಚೈನ್. ಚೈನ್ ಯಾಕ್ ಹರೀತು ಅಂತ ಕೇಳ್ರಿ.' ಅವರನ್ನ ಒಂದು ಗಂಟೆ ಶಾಲೆಗೆ ಕರೆದು ಕೂರಿಸಿದರೆ, ಸೈಕಲ್ ಚೈನ್ ಒಂದನ್ನ ಕೈಯಲ್ಲಿ ಹಿಡಿದು ಅವರು ಹೇಳೋದನ್ನ ಯಾವ ಸ್ಮಾರ್ಟ್ ಬೋರ್ಡೂ ಹೇಳಲ್ಲ. ಇನ್ನೊಂದು ಗುಂಪು ಮರಿಯಮ್ಮನಹಳ್ಳಿ ಕಡೆಯಿಂದ ಬರೋ ಮಕ್ಕಳ ಅಜ್ಜಿಯರನ್ನ ಕೇಳಲಿ. ಈ ಜಲಾಶಯದಲ್ಲಿ ಸುಮಾರು 90 ಹಳ್ಳಿಗಳು ಮುಳುಗಿವೆ. ನಾರಾಯಣದೇವರಕೆರೆ ಅದರಲ್ಲೊಂದು. ನಮ್ಮೂರು ಹುಟ್ಟಿದ್ದು ಅವರೂರು ಮುಳುಗಿದ್ದಕ್ಕೆ ಅನ್ನೋದು ಗೊತ್ತಾಗಲಿ.

ಕೊನೆಗೆ ಅಕ್ಕನ ಮಗಳ ಪ್ರಶ್ನೆ: ಉಳಿಸಿದ ನೀರು ಯಾರಿಗೆ? ಒಂದು ಗೋಡೆ ನಕ್ಷೆ ಸಾಕು. ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರಿಗೆ. ಬಲದಂಡೆಯ ಕಾಲುವೆಗಳು ಬಳ್ಳಾರಿ ದಾಟಿ ಆಂಧ್ರಕ್ಕೆ. ವಿಜಯನಗರದ ಅರಸರ ಕಾಲದ ರಾಯ, ಬಸವಣ್ಣ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿದು ಹೊಸಪೇಟೆಯ ಬಾಳೆ, ಕಬ್ಬು ಬೆಳೆಯುತ್ತೆ. ಕಾರ್ಖಾನೆಗಳಿಗೂ ಇಲ್ಲಿಂದಲೇ ನೀರು. ಕಾಲುವೆಯ ಕೊನೆಯ ಊರಿನವರು ನೀರು ಬರಲಿಲ್ಲ ಅಂತ ರಸ್ತೆಗೆ ಇಳೀತಾರೆ. ಈ ಉತ್ತರದಲ್ಲಿ ಜಗಳ ಇದೆ, ನ್ಯಾಯ ಅನ್ಯಾಯ ಇದೆ. ಅದಕ್ಕೇ ಶಾಲೆಗಳು ಇದರ ಹತ್ತಿರ ಹೋಗಲ್ಲ, ಪ್ಲೆಕಾರ್ಡ್ ಹಿಡಿಸಿ ಸುಮ್ಮನಾಗ್ತವೆ.

ಮೇಷ್ಟ್ರುಗಳನ್ನ ಬೈದು ಮುಗಿಸೋದು ನ್ಯಾಯ ಅಲ್ಲ. ಮೇಲಿನಿಂದ ಸುತ್ತೋಲೆ ಬರುತ್ತೆ, ಫೋಟೋ ಅಪ್‌ಲೋಡ್ ಮಾಡಬೇಕು, ವರದಿ ಕೊಡಬೇಕು. ಖಾಸಗಿ ಶಾಲೆಯ ಮಿಸ್‌ಗೆ ಸಂಬಳ ಕಮ್ಮಿ, ಮಕ್ಕಳು ಜಾಸ್ತಿ, ಮ್ಯಾನೇಜ್‌ಮೆಂಟ್‌ಗೆ ಬೇಕಾಗಿರೋದು ಅಡ್ಮಿಶನ್ ಬ್ರೋಷರ್‌ಗೆ ಚಿತ್ರ. ಆದರೆ ಆ ಚಿತ್ರ ಯಾರಿಗೆ ಬೇಕು? ಆಫೀಸಿನ ಮೀಟಿಂಗ್ ಮಧ್ಯೆ ಫೋನ್ ತೆಗೆದು ಮಗು ಕಿರೀಟ ಹಾಕ್ಕೊಂಡಿದ್ದು ನೋಡಿ ಹಾರ್ಟ್ ಒತ್ತೋ ತಂದೆ ತಾಯಂದಿರಿಗೆ. ಅಂದರೆ ಈ ಪುಸ್ತಕ ಓದ್ತಾ ಇರೋ ನಮ್ಮಂಥವರಿಗೆ. ಬಾಟಲಿಯ ತಳದಲ್ಲಿ ಕೂತ ಎರಡು ಮಿಲಿಮೀಟರ್ ಮಣ್ಣು ಫೋಟೋದಲ್ಲಿ ಚೆನ್ನಾಗಿ ಬರಲ್ಲ. ಮೈದಾನದಲ್ಲಿ ಹೊರಳಾಡಿದ ಯೂನಿಫಾರ್ಮ್ ನೋಡಿದರೆ ದೂರು ಹೋಗುತ್ತೆ. ಬೇಡಿಕೆ ಹೇಗೋ ಹಾಗೆ ಸರಕು.

ಹಾಗಾಗಿ ಬದಲಾವಣೆ ಶುರು ಆಗಬೇಕಾಗಿರೋದು ಗ್ರೂಪಿನಲ್ಲೇ. ಮುಂದಿನ ಸಲ ಯಾವುದಾದರೂ ಬಣ್ಣದ, ಹಣ್ಣಿನ, ನೀರಿನ ಡೇಗೆ ಸರ್ಕ್ಯುಲರ್ ಬಂದಾಗ ಡ್ರೆಸ್ ಎಲ್ಲಿ ಸಿಗುತ್ತೆ ಅಂತ ಕೇಳೋ ಮೊದಲು ಒಂದು ಪ್ರಶ್ನೆ ಟೈಪ್ ಮಾಡಿ ನೋಡಿ: 'ಮಿಸ್, ಆವತ್ತು ಮಕ್ಕಳು ಏನು ಕಂಡುಹಿಡೀತಾರೆ?' ಉತ್ತರ ಕೂಡಲೇ ಬಂದರೆ ಆ ದಿನಕ್ಕೆ ರಜೆ ಕೊಡಿ, ಮಗು ಮನೆಯಲ್ಲಿ ಆಡ್ಕೊಳ್ಳಲಿ. 'ಗೊತ್ತಿಲ್ಲ, ನೋಡೋಣ' ಅಂತ ಬಂದರೆ ಹಳೇ ಬಟ್ಟೆ ಹಾಕಿ ಧೈರ್ಯವಾಗಿ ಕಳಿಸಿ.